ನೀಲಿ ಬದಲಾದರೆ ನಿಂಬೆಹಣ್ಣಿನ ನೆರಳಿಗೆ ಏನಾಗುತ್ತದೆ?

ತೈಲವರ್ಣದಲ್ಲಿ ಹೊಸ ಬಣ್ಣವೊಂದನ್ನು ಪರೀಕ್ಷೆ ಮಾಡಬೇಕು ಅಂದರೆ ಸ್ಟಿಲ್ ಲೈಫ್‌ಗಿಂತ, ಅಂದರೆ ಮೇಜಿನ ಮೇಲೆ ಜೋಡಿಸಿಟ್ಟ ವಸ್ತುಗಳ ಚಿತ್ರಕ್ಕಿಂತ, ಒಳ್ಳೆಯ ಜಾಗ ಇಲ್ಲ. ಹಣ್ಣು, ಲೋಟ, ಬಟ್ಟೆ ಎಲ್ಲ ಇಟ್ಟಲ್ಲೇ ಇರುತ್ತವೆ. ದೀಪವನ್ನು ಒಂದೇ ಕಡೆಯಿಂದ ಬೀಳುವ ಹಾಗೆ ಇಟ್ಟರೆ ನಾಳೆಯೂ ಅದೇ ನೆರಳು ಅದೇ ಜಾಗದಲ್ಲಿ ಬೀಳುತ್ತದೆ. ಉಳಿದದ್ದೆಲ್ಲ ಹಾಗೇ ಬಿಟ್ಟು ಒಂದನ್ನು ಮಾತ್ರ ಬದಲಿಸಿ ನೋಡುವುದು, ವಿಜ್ಞಾನದ ಪ್ರಯೋಗಕ್ಕೂ ಬೇಕಾಗಿರುವುದು ಇದೇ ಅಲ್ವಾ? ಹೊಸ ಟ್ಯೂಬ್ ಐದಾರು ಒಟ್ಟಿಗೆ ತಂದು ಎಲ್ಲವನ್ನೂ ಒಂದೇ ಕ್ಯಾನ್ವಾಸ್ ಮೇಲೆ ಸುರಿದರೆ ಯಾವುದು ಏನು ಮಾಡಿತು ಅಂತ ಗೊತ್ತಾಗೋದೇ ಇಲ್ಲ. ಒಂದು ತೆಗೆಯಿರಿ, ಒಂದು ಹಾಕಿ.

ಬಿಳಿ ಬಟ್ಟೆಯ ಮೇಲೆ ಒಂದು ನಿಂಬೆಹಣ್ಣು ಇಡಿ. ಪ್ಯಾಲೆಟ್‌ನಲ್ಲಿ ನಿಂಬೆ ಹಳದಿ, ಒಂದು ಕೆಂಪು, ಟೈಟೇನಿಯಂ ವೈಟ್, ಅಲ್ಟ್ರಾಮರೀನ್ ನೀಲಿ ಇಷ್ಟಿದ್ದರೆ ಸಾಕು. ಹಣ್ಣಿನ ತೊಟ್ಟಿನ ಹತ್ತಿರ ಸ್ವಲ್ಪ ಹಸಿರು ಉಳಿದಿರುತ್ತದೆ ನೋಡಿ, ಅದನ್ನು ಬೆರೆಸಲು ಹೋದರೆ ಅಲ್ಟ್ರಾಮರೀನ್ ಕೊಡುವುದು ಮಂಕಾದ, ಸ್ವಲ್ಪ ಬೂದು ಹಸಿರು. ಈಗ ಅಲ್ಟ್ರಾಮರೀನ್ ತೆಗೆದು ಥ್ಯಾಲೋ ಬ್ಲೂ ಹಾಕಿ. ಅದೇ ಹಳದಿ, ಬಣ್ಣ ಬೆರೆಸುವ ಅದೇ ಚಾಕು. ಬರುವ ಹಸಿರು ಮಾತ್ರ ಕಣ್ಣಿಗೆ ಹೊಡೆಯುವಷ್ಟು ಚುರುಕು.

ಎರಡೂ ನೀಲಿಯೇ ಆದರೂ ಯಾಕೆ ಹೀಗೆ? ಬಣ್ಣ ಬೆರೆಸುವುದು ಅಂದರೆ ಬೆಳಕನ್ನು ಕಳೆಯುವುದು. ಹಳದಿ ಪಿಗ್ಮೆಂಟ್, ಅಂದರೆ ಬಣ್ಣ ಕೊಡುವ ಪುಡಿ, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೀಲಿ ಭಾಗವನ್ನು ನುಂಗುತ್ತದೆ, ನೀಲಿ ಪಿಗ್ಮೆಂಟ್ ಕೆಂಪು, ಕಿತ್ತಳೆ ಭಾಗವನ್ನು ನುಂಗುತ್ತದೆ, ಎರಡೂ ನುಂಗದೆ ಬಿಟ್ಟದ್ದು ಹಸಿರು, ನಮಗೆ ಕಾಣುವುದು ಅದು. ಥ್ಯಾಲೋ ಬ್ಲೂ ಹಸಿರು ಬೆಳಕನ್ನು ಧಾರಾಳವಾಗಿ ಬಿಡುತ್ತದೆ, ಕೆಂಪನ್ನು ಹೆಚ್ಚುಕಡಿಮೆ ಪೂರ್ತಿ ನುಂಗುತ್ತದೆ. ಅಲ್ಟ್ರಾಮರೀನ್ ಹಾಗಲ್ಲ. ಹಸಿರನ್ನೂ ಒಂದಿಷ್ಟು ನುಂಗುತ್ತದೆ, ಕಡುಗೆಂಪನ್ನು ಅಲ್ಪಸ್ವಲ್ಪ ವಾಪಸ್ ಕೊಡುತ್ತದೆ. ಆ ಚೂರು ಕೆಂಪು ಹಸಿರಿನ ಜೊತೆ ಸೇರಿದಾಗಲೇ ಮಂಕು ಬರುವುದು. ಇದು ದೋಷ ಅಂತ ನಾನು ಹೇಳುವುದಿಲ್ಲ. ನಿಂಬೆಹಣ್ಣಿನ ನೆರಳಿನ ಬದಿಗೆ ಬೇಕಾಗಿರುವುದು ಆ ಮಂಕೇ. ಅಲ್ಟ್ರಾಮರೀನ್‌ಗೆ ಕೆಂಪು ಸೇರಿಸಿ ನೇರಳೆ ಮಾಡಿಕೊಂಡು ಹಳದಿಗೆ ತಾಗಿಸಿದರೆ ಹಣ್ಣು ದುಂಡಗೆ ಕಾಣುತ್ತದೆ. ಸುಮ್ನೆ ಕಪ್ಪು ಬೆರೆಸಿದರೆ ಹಳದಿ ಆಲಿವ್ ಹಸಿರಾಗಿಬಿಡುತ್ತದೆ, ಹಣ್ಣು ಇನ್ನೂ ಕಾಯಿ ಅನ್ನುವ ಹಾಗೆ.

ಥ್ಯಾಲೋ ಬ್ಲೂ ಹುಟ್ಟಿದ ಕಥೆಯೂ ಚೆನ್ನಾಗಿದೆ. 1928ರಲ್ಲಿ ಸ್ಕಾಟ್ಲೆಂಡ್‌ನ ಗ್ರೇಂಜ್‌ಮೌತ್‌ನಲ್ಲಿದ್ದ ಬಣ್ಣದ ಕಾರ್ಖಾನೆಯೊಂದರಲ್ಲಿ, ಪಾತ್ರೆಯ ಒಳಲೇಪನ ಬಿರುಕುಬಿಟ್ಟು, ಬಿಳಿಯಾಗಿರಬೇಕಿದ್ದ ರಾಸಾಯನಿಕಕ್ಕೆ ಪಾತ್ರೆಯ ಕಬ್ಬಿಣ ತಾಗಿ ಕಡುನೀಲಿ ವಸ್ತುವೊಂದು ಕಾಣಿಸಿಕೊಂಡಿತು. ಕಬ್ಬಿಣದ ಜಾಗದಲ್ಲಿ ತಾಮ್ರ ಇಟ್ಟರೆ ಇನ್ನೂ ಒಳ್ಳೆಯ ನೀಲಿ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು. 1935ರಲ್ಲಿ ಅದು ಮಾರುಕಟ್ಟೆಗೆ ಬಂತು. ಇದರ ಬಣ್ಣ ಹಿಡಿಸುವ ಶಕ್ತಿ ಅಪಾರ. ಟ್ಯೂಬ್‌ನಿಂದ ಹಿಂಡಿದಾಗ ಕಪ್ಪೋ ಅನ್ನುವ ಹಾಗೆ ಕಾಣುತ್ತದೆ, ಚಾಕುವಿನ ಮೊನೆಯಲ್ಲಿ ಚೂರು ತೆಗೆದು ಬಿಳಿಗೆ ಬೆರೆಸಿದಾಗಲೇ ಅದರ ನಿಜವಾದ ಬಣ್ಣ ಹೊರಗೆ ಬರುವುದು. ಯಾವಾಗಲೂ ನೀಲಿಯನ್ನು ಹಳದಿಯ ಕಡೆಗೆ ತನ್ನಿ, ಹಳದಿಯನ್ನು ನೀಲಿಯ ಕಡೆಗೆ ಒಯ್ಯಬೇಡಿ. ಇಲ್ಲದಿದ್ದರೆ ಅರ್ಧ ಟ್ಯೂಬ್ ಹಳದಿ ಖಾಲಿಯಾದರೂ ನೀಲಿ ಬಗ್ಗುವುದಿಲ್ಲ.

ಇನ್ನು ಬಣ್ಣ ಮುಚ್ಚುತ್ತದೋ, ಪಾರದರ್ಶಕವಾಗಿ ನಿಲ್ಲುತ್ತದೋ ಅನ್ನುವುದು. ಇದಕ್ಕೆ ಮುಖ್ಯ ಕಾರಣ ಪುಡಿಗೂ ಎಣ್ಣೆಗೂ ಇರುವ ವಕ್ರೀಭವನ ಸೂಚ್ಯಂಕದ ಅಂತರ, ಅಂದರೆ ಬೆಳಕನ್ನು ಬಗ್ಗಿಸುವ ಗುಣದ ಅಂತರ. ತೈಲವರ್ಣದಲ್ಲಿ ಪುಡಿಯನ್ನು ಕಲಸುವ ಅಗಸೆ ಎಣ್ಣೆಯದು ಸುಮಾರು 1.48. ಅಲ್ಟ್ರಾಮರೀನ್‌ನದು ಸುಮಾರು 1.5, ಎರಡೂ ಹತ್ತಿರ ಹತ್ತಿರ. ಹಾಗಾಗಿ ಬೆಳಕು ಅಲ್ಲಿ ಚದುರದೆ ಒಳಗೆ ಇಳಿದುಬಿಡುತ್ತದೆ. ಒಣ ಪುಡಿಯಾಗಿದ್ದಾಗ ಹೊಳೆಯುವ ಅಲ್ಟ್ರಾಮರೀನ್ ಎಣ್ಣೆಗೆ ಬಿದ್ದ ಕೂಡಲೇ ಆಳವಾಗಿ, ಕಪ್ಪಗಾಗುವುದು ಇದರಿಂದಲೇ. ಟೈಟೇನಿಯಂ ವೈಟ್‌ನದು ಸುಮಾರು 2.7, ಅದಕ್ಕೇ ಅದು ಅಷ್ಟು ಚೆನ್ನಾಗಿ ಮುಚ್ಚುತ್ತದೆ. ಲೋಟದ ಗಾಜಿನ ನೆರಳಿಗೆ ತೆಳುವಾಗಿ ಬಣ್ಣ ಹಚ್ಚುವಾಗ ಟೈಟೇನಿಯಂ ವೈಟ್ ಒಂದು ಚೂರು ಸೇರಿದರೂ ಗಾಜು ಸೀಮೆಸುಣ್ಣದ ಹಾಗೆ ಆಗುತ್ತದೆ. ಅಲ್ಲಿ ಬಿಳಿಯನ್ನೇ ಬಿಟ್ಟುಬಿಡಿ, ಕೆಳಗಿನ ಕ್ಯಾನ್ವಾಸ್‌ನ ಬಿಳಿ ಕೆಲಸ ಮಾಡಲಿ.

ಒಣಗುವ ವಿಷಯದಲ್ಲಿ ಜಾಸ್ತಿ ಜನ ತಪ್ಪು ತಿಳಿದಿರುತ್ತಾರೆ. ಅಗಸೆ ಎಣ್ಣೆ ನೀರಿನ ಹಾಗೆ ಆರಿಹೋಗುವುದಿಲ್ಲ. ಗಾಳಿಯ ಆಕ್ಸಿಜನ್ ಹೀರಿಕೊಂಡು ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಪಿಗ್ಮೆಂಟ್ ಕೂಡ ಇದರಲ್ಲಿ ಕೈಯಾಡಿಸುತ್ತದೆ. ಅಂಬರ್ ಅನ್ನುವ ಕಂದು ಮಣ್ಣಿನ ಬಣ್ಣದಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ಐವರಿ ಬ್ಲ್ಯಾಕ್, ಕ್ಯಾಡ್ಮಿಯಂ ಬಣ್ಣಗಳು ನಿಧಾನ. ನಿಧಾನವಾಗಿ ಒಣಗುವ ದಪ್ಪ ಪದರದ ಮೇಲೆ ಬೇಗ ಒಣಗುವುದನ್ನು ಹಚ್ಚಿದರೆ ಮೇಲಿನದು ಬಿರುಕುಬಿಡಬಹುದು. ಹೊಸ ಬಣ್ಣವನ್ನು ಚಿತ್ರಕ್ಕೆ ತರುವ ಮೊದಲು ಒಂದು ಹಳೆಯ ಕ್ಯಾನ್ವಾಸ್ ತುಂಡಿಗೆ ಹಚ್ಚಿ, ಯಾವಾಗ ಬೆರಳಿಗೆ ಅಂಟುವುದು ನಿಲ್ಲುತ್ತದೆ ಅಂತ ನೋಡಿ. ಕ್ಯಾಡ್ಮಿಯಂ ಬಣ್ಣಕ್ಕೆ ಗ್ಲೌಸ್ ಹಾಕಿಕೊಳ್ಳಿ, ಒಣಗಿದ ಮೇಲೆ ಉಜ್ಜಿ ಪುಡಿ ಎಬ್ಬಿಸಬೇಡಿ.

ಟ್ಯೂಬ್‌ನ ಮುಂಭಾಗದ ಹೆಸರನ್ನು ನಂಬಬೇಡಿ, ಹಿಂದೆ ಸಣ್ಣ ಅಕ್ಷರದಲ್ಲಿರುವ ಪಿಗ್ಮೆಂಟ್‌ನ ಸಂಕೇತ ಓದಿ. ಪಿಬಿ 29 ಅಂದರೆ ಅಲ್ಟ್ರಾಮರೀನ್, ಪಿಬಿ 15 ಅಂದರೆ ಥ್ಯಾಲೋ ಬ್ಲೂ. ಹೆಸರಿನ ಕೊನೆಗೆ 'ಹ್ಯೂ' ಅಂತ ಇದ್ದರೆ ಸಾಮಾನ್ಯವಾಗಿ ಒಳಗಿರುವುದು ಬೇರೆ ಪಿಗ್ಮೆಂಟ್. ಒಂದೇ ಪಿಗ್ಮೆಂಟ್ ಇರುವ ಟ್ಯೂಬ್‌ನಿಂದ ಕಲಿಯುವುದು ಸುಲಭ. ಮೂರು ಸೇರಿಸಿದ್ದಾದರೆ ಪ್ಯಾಲೆಟ್ ಮೇಲೆ ಬೆರೆಸುವ ಮೊದಲೇ ಅರ್ಧ ಮಂಕು ಬಂದಿರುತ್ತದೆ.

ಬಾಳಿಕೆ ಬೇರೆ ಮಾತು. ವ್ಯಾನ್ ಗೋ ತನ್ನ ಕಾಲಕ್ಕೆ ಹೊಸದಾಗಿದ್ದ ಬಣ್ಣಗಳನ್ನು ಮನಸಾರೆ ಬಳಸಿದ ಕಲಾವಿದ. ಅವನ ಕೆಲವು ಚಿತ್ರಗಳಲ್ಲಿ ಕ್ರೋಮ್ ಹಳದಿ ಕಂದು ಬಣ್ಣಕ್ಕೆ ತಿರುಗಿದೆ. ಬೆಳಕು ಬಿದ್ದು ಅದರೊಳಗಿನ ಕ್ರೋಮಿಯಂನ ರಾಸಾಯನಿಕ ಸ್ಥಿತಿಯೇ ಬದಲಾಗಿದ್ದು ಕಾರಣ. ಅವನು ಬಳಸಿದ ಜೆರೇನಿಯಂ ಕೆಂಪು ಹಲವು ಕಡೆ ಮಾಸಿಹೋಗಿದೆ. ನಿಮ್ಮ ಹೊಸ ಬಣ್ಣವನ್ನು ಪಟ್ಟಿಯೊಂದಕ್ಕೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಅರ್ಧಕ್ಕೆ ದಪ್ಪ ರಟ್ಟು ಕಟ್ಟಿ, ಬಿಸಿಲು ಬೀಳುವ ಕಿಟಕಿಯಲ್ಲಿ ಕೆಲವು ತಿಂಗಳು ಬಿಡಿ. ರಟ್ಟು ತೆಗೆದಾಗ ಎರಡು ಭಾಗಗಳ ನಡುವೆ ಗೆರೆ ಎದ್ದು ಕಂಡರೆ ಆ ಟ್ಯೂಬ್ ಅಭ್ಯಾಸಕ್ಕೆ ಇರಲಿ, ಗೋಡೆಗೆ ಹಾಕುವ ಚಿತ್ರಕ್ಕೆ ಬೇಡ.