ನೋವು ಪೂರ್ತಿ ಹೋಗಲಿ ಅಂತ ಕಾಯಬೇಡಿ

ಆಷಾಢದಲ್ಲಿ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಮಂಡಿ ನೋವಿನವರು ಜಾಸ್ತಿ ಬರುತ್ತಾರೆ. ಮೈಸೂರಿನವರಿಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಆಷಾಢ ಶುಕ್ರವಾರ ಜನ ಹತ್ತುವ ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು. ಅದರಲ್ಲೂ ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚಿಕೊಂಡು ಹತ್ತುತ್ತಾರೆ. ಹತ್ತಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನನ್ನ ತಕರಾರು ಬೆಟ್ಟದ ಮೇಲಲ್ಲ, ಬೆಟ್ಟಕ್ಕೆ ಮುಂಚಿನ ಹನ್ನೊಂದು ತಿಂಗಳ ಮೇಲೆ.

ಕತೆ ಹೆಚ್ಚುಕಡಿಮೆ ಒಂದೇ. "ಹೋದ ವರ್ಷ ಮಂಡಿ ನೋವು ಬಂತು ಸಾರ್. ರೆಸ್ಟ್ ಮಾಡಿ ಅಂದ್ರು. ವಾಕಿಂಗ್ ಬಿಟ್ಟೆ, ಮೆಟ್ಟಿಲು ಬಿಟ್ಟೆ, ನೆಲದ ಮೇಲೆ ಕೂರೋದನ್ನೂ ಬಿಟ್ಟೆ. ನೋವು ಪೂರ್ತಿ ಹೋಯ್ತು. ಈ ಶುಕ್ರವಾರ ಬೆಟ್ಟ ಹತ್ತಿದೆ ನೋಡಿ, ಮತ್ತೆ ಶುರು." ಬೆಟ್ಟದ ಜಾಗದಲ್ಲಿ ಶಟಲ್, ಹತ್ತು ಕಿಲೋಮೀಟರ್ ಓಟ, ಕುಮಾರಪರ್ವತದ ಟ್ರೆಕ್ ಯಾವುದನ್ನಾದರೂ ಹಾಕಿಕೊಳ್ಳಿ. ಆಮೇಲೆ ಮತ್ತೆ ರೆಸ್ಟ್. ಮತ್ತೆ ಒಂದು ದಿನ ಒಂದೇ ಸಲ ಎಲ್ಲ. ಹೀಗೆ ನಾಲ್ಕೈದು ವರ್ಷ ಸುತ್ತಿದವರು ಕೊನೆಗೆ "ನನ್ನ ಮಂಡಿ ಸವೆದುಹೋಗಿದೆ" ಅಂತ ತಾವೇ ತೀರ್ಮಾನ ಮಾಡಿಕೊಂಡು ಬರುತ್ತಾರೆ. ನನಗೆ ಸಂಕಟ ಆಗುವುದು ಇಲ್ಲೇ.

ಮಂಡಿಯ ಒಳಗೆ ಏನೇನಿದೆ ಎನ್ನುವ ಚಿತ್ರವನ್ನು ಎಲ್ಲರೂ ನೋಡಿರುತ್ತೀರಿ, ಅದನ್ನು ಬಿಡುತ್ತೇನೆ. ಒಂದು ಮಾತು ಮಾತ್ರ ನಿಧಾನವಾಗಿ ಓದಿ. ನೋವು ಹೋಗುವುದು ಬೇರೆ, ಮಂಡಿಗೆ ತಾಕತ್ತು ಬರುವುದು ಬೇರೆ. ರೆಸ್ಟ್ ಮಾಡಿದರೆ ನೋವು ತಗ್ಗುತ್ತದೆ, ಯಾಕೆಂದರೆ ನೋಯಿಸುವ ಕೆಲಸವನ್ನೇ ನೀವು ನಿಲ್ಲಿಸಿರುತ್ತೀರಿ. ಆದರೆ ಆ ಕೆಲಸ ಮಾಡುವ ಶಕ್ತಿಯೂ ಅಷ್ಟೇ ಸದ್ದಿಲ್ಲದೆ ತಗ್ಗಿರುತ್ತದೆ. ಮನೆಯಲ್ಲಿ ಕೂತಾಗ ಅದು ಗೊತ್ತಾಗುವುದಿಲ್ಲ. ಬೆಟ್ಟದ ಮೇಲೆ ಗೊತ್ತಾಗುತ್ತದೆ.

ಎಷ್ಟು ತಗ್ಗುತ್ತದೆ? ನೆದರ್ಲೆಂಡ್ಸ್‌ನಲ್ಲಿ ಆರೋಗ್ಯವಂತ ಯುವಕರ ಒಂದು ಕಾಲಿಗೆ ಪ್ಲಾಸ್ಟರ್ ಹಾಕಿ ನೋಡಿದರು. ಎರಡೇ ವಾರಕ್ಕೆ ತೊಡೆಯ ಮುಂಭಾಗದ ಸ್ನಾಯು ಶೇ. 8ರಷ್ಟು ಕರಗಿತ್ತು, ಶಕ್ತಿ ಸುಮಾರು ಶೇ. 23ರಷ್ಟು ಇಳಿದಿತ್ತು. ನೀವು ಪ್ಲಾಸ್ಟರ್ ಹಾಕಿಕೊಂಡಿರುವುದಿಲ್ಲ, ಹಾಗಾಗಿ ನಿಮಗೂ ಇಷ್ಟೇ ಇಳಿಯುತ್ತದೆ ಅಂತ ನಾನು ಹೇಳಲಾರೆ. ಆದರೆ ಇಳಿಯುವುದಂತೂ ಹೌದು, ನಲವತ್ತೈದು ದಾಟಿದವರಿಗೆ ಅದನ್ನು ಮತ್ತೆ ಗಳಿಸೋದು ಇಪ್ಪತ್ತರ ಹುಡುಗರಷ್ಟು ಸಲೀಸಲ್ಲ.

ಈಗ ಇನ್ನೊಂದು ಕಡೆ ನೋಡಿ. ಬರ್ಲಿನ್‌ನಲ್ಲಿ ಕೃತಕ ಮಂಡಿಯ ಒಳಗೇ ಸೆನ್ಸರ್ ಕೂರಿಸಿ ಭಾರ ಅಳೆದಿದ್ದಾರೆ. ಸಮನೆಲದ ಮೇಲೆ ನಡೆಯುವಾಗ ಮಂಡಿಯ ಮೇಲೆ ದೇಹದ ತೂಕದ ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಬೀಳುತ್ತದೆ. ಮೆಟ್ಟಿಲು ಹತ್ತುವಾಗ ಮೂರು ಪಟ್ಟಿಗಿಂತ ಜಾಸ್ತಿ. ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ಅರವತ್ತೈದು ಕೆ.ಜಿ. ಇರುವವರು ಲೆಕ್ಕ ಹಾಕಿಕೊಳ್ಳಲಿ. ಹತ್ತುವಾಗ ಉಸಿರು ಸಾಕುಸಾಕು ಮಾಡುತ್ತದೆ, ಇಳಿಯುವಾಗ ಆರಾಮ ಅನ್ನಿಸುತ್ತದೆ, ಆದರೆ ಮಂಡಿಗೆ ದೊಡ್ಡ ಕೆಲಸ ಇಳಿಯುವಾಗಲೇ. ಅದಕ್ಕೇ ನಾನು ಹೇಳೋದು, ಮೊದಲ ಸಲ ಹೋಗುವವರು ಹತ್ತಿ ಹೋಗಿ, ದೇವಿ ದರ್ಶನ ಮಾಡಿ, ಸಿಟಿ ಬಸ್ಸಲ್ಲಿ ಇಳಿದು ಬನ್ನಿ. ಇಷ್ಟು ಮಾಡಿದ್ದರೆ ಸಾಕಿತ್ತು, ನನ್ನ ಹತ್ತಿರ ಬರುವ ಅರ್ಧ ಜನಕ್ಕೆ ನೋವೇ ಬರುತ್ತಿರಲಿಲ್ಲ ಅನ್ನಿಸುತ್ತದೆ.

ತಿ. ನರಸೀಪುರ ಕಡೆಯ ರೈತರೊಬ್ಬರಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಅರ್ಧಕ್ಕೇ ಅವರು, "ಬೇಸಿಗೆ ಪೂರ್ತಿ ಕೊಟ್ಟಿಗೆಲಿ ನಿಂತ ಎತ್ತನ್ನ ಕಟ್ಟಿ ಮೊದಲ ದಿನಾನೇ ಇಡೀ ಹೊಲ ಉಳೋದಿಲ್ಲ ಬುದ್ಧಿ, ನಂಗೊತ್ತು" ಅಂದರು. ಅವರಿಗೆ ನಾನು ಮತ್ತೆ ವಿವರಿಸಬೇಕಾಗಲಿಲ್ಲ.

ಹಾಗಾದರೆ ನೋವಿದ್ದಾಗ ಏನು ಮಾಡಬೇಕು? ಕಡಿಮೆ ಮಾಡಬೇಕು. ಸೊನ್ನೆ ಮಾಡಬಾರದು. ಇದನ್ನೇ ಜನ ತಪ್ಪು ತಿಳಿಯೋದು, ಆದ್ದರಿಂದ ಸ್ವಲ್ಪ ಎಳೆದು ಹೇಳುತ್ತೇನೆ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ನೀವೇ ಅಂಕ ಕೊಡಿ. ವ್ಯಾಯಾಮ ಮಾಡುವಾಗ ಮೂರರ ಒಳಗಿದ್ದರೆ ಸಾಮಾನ್ಯವಾಗಿ ಪರವಾಗಿಲ್ಲ. ಆದರೆ ನಿಜವಾದ ಪರೀಕ್ಷೆ ಆಗ ಅಲ್ಲ, ಮರುದಿನ ಬೆಳಿಗ್ಗೆ. ಎದ್ದು ಬಚ್ಚಲಿಗೆ ಹೋಗುವ ಮೊದಲ ಹತ್ತು ಹೆಜ್ಜೆ ಗಮನಿಸಿ, ಮನೆಯಲ್ಲಿ ಮೆಟ್ಟಿಲಿದ್ದರೆ ಒಂದು ಸಲ ಇಳಿದು ನೋಡಿ. ನಿನ್ನೆ ಬೆಳಿಗ್ಗೆ ಹೇಗಿತ್ತೋ ಇವತ್ತೂ ಹಾಗೇ ಇದ್ದರೆ ನಿನ್ನೆ ಮಾಡಿದ್ದು ನಿಮ್ಮ ಮಂಡಿಗೆ ಜೀರ್ಣ ಆಗಿದೆ. ನಿನ್ನೆಗಿಂತ ಬಿಗಿ, ನಿನ್ನೆಗಿಂತ ನೋವು, ಅಥವಾ ಊತ ಇದ್ದರೆ ಜಾಸ್ತಿ ಆಯಿತು ಅಂತ ಅರ್ಥ. ಆಗ ಮುಂದಿನ ಸಲ ಮೂರನೇ ಒಂದು ಭಾಗ ಕಡಿಮೆ ಮಾಡಿ. ನಿಲ್ಲಿಸಬೇಡಿ.

ಇಷ್ಟು ಹೇಳಿದ ಮೇಲೂ ಮೂರು ಥರ ಆಗುತ್ತದೆ. ಕೆಲವರು ಒಂದು ಅಂಕ ನೋವು ಬಂದರೂ ಹೆದರಿ ಎರಡು ವಾರ ಮಲಗುತ್ತಾರೆ. ಕೆಲವರು ಮೂರು ಓಕೆ ಅಂದಿದ್ದನ್ನು ಆರು ಅಂತ ಕೇಳಿಸಿಕೊಳ್ಳುತ್ತಾರೆ. ಇನ್ನು ಕೆಲವರು ನೋವಿನ ಮಾತ್ರೆ ನುಂಗಿ, ಮಂಡಿಗೆ ನೀ ಕ್ಯಾಪ್ ಏರಿಸಿ ಆಟಕ್ಕೆ ಇಳಿಯುತ್ತಾರೆ. ಮಾತ್ರೆ ನುಂಗಿದ ಮೇಲೆ ಮಂಡಿ ಏನು ಹೇಳುತ್ತಿದೆ ಅಂತ ನಿಮಗೆ ಕೇಳಿಸುವುದೇ ಇಲ್ಲವಲ್ಲ! ದಯವಿಟ್ಟು ಹಾಗೆ ಮಾಡಬೇಡಿ. ನೀ ಕ್ಯಾಪ್ ಬಗ್ಗೆ ನನಗೆ ದ್ವೇಷ ಇಲ್ಲ, ಧೈರ್ಯ ಬರುತ್ತದೆ ಅನ್ನೋರು ಸ್ವಲ್ಪ ದಿನ ಹಾಕಿಕೊಳ್ಳಲಿ. ಆದರೆ ತೊಡೆ ಮಾಡಬೇಕಾದ ಕೆಲಸವನ್ನು ಬಟ್ಟೆ ಮಾಡುವುದಿಲ್ಲ.

ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಬರುತ್ತಿದ್ದರು. ದಿನಾ ಬೆಳಿಗ್ಗೆ ಶಟಲ್ ಡಬಲ್ಸ್ ಆಡುವವರು, ಮಾತೆಲ್ಲ ಸ್ಮ್ಯಾಶ್‌ನದ್ದೇ. ಮಂಡಿ ಚಿಪ್ಪಿನ ಸುತ್ತ ನೋವು, ಸಿನಿಮಾ ಮುಗಿಸಿ ಏಳುವಾಗ ಹಿಡಿದುಕೊಳ್ಳುವುದು, ಮೆಟ್ಟಿಲು ಇಳಿಯುವಾಗ ಚುಚ್ಚುವುದು. ಚುರುಕಾಗಿರುವ ಜನರಲ್ಲಿ ನಾನು ಕಾಣುವ ಅತಿ ಸಾಮಾನ್ಯ ನೋವು ಇದೇ. ಅವರನ್ನು ಆರಿಂಚಿನ ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಲ್ಲಿಸಿ, ಇನ್ನೊಂದು ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ನೆಲಕ್ಕೆ ತಾಗಿಸಿ ಅಂದೆ. ಅರ್ಧ ದಾರಿಯವರೆಗೆ ಸರಿಯಾಗಿ ಇಳಿದರು. ಅಲ್ಲಿಂದ ಮಂಡಿ ಒಳಗಡೆಗೆ ವಾಲಿತು, ಸೊಂಟ ಒಂದು ಕಡೆ ಕುಸಿಯಿತು, ಕಾಲು ದಪ್ ಅಂತ ನೆಲಕ್ಕೆ ಬಿತ್ತು. ಮುಖ ನೋಡಬೇಕಿತ್ತು. ಕೋರ್ಟ್ ತುಂಬ ಓಡಾಡುವ ಮನುಷ್ಯನಿಗೆ ಆರಿಂಚು ನಿಧಾನವಾಗಿ ಇಳಿಯಲು ಆಗಲಿಲ್ಲ.

ಅವರಿಗೆ ಆಟ ಬಿಡಿಸಲಿಲ್ಲ. ದಿನಕ್ಕೆ ನಾಲ್ಕು ಗೇಮ್ ಇದ್ದದ್ದನ್ನು ದಿನ ಬಿಟ್ಟು ದಿನ ಎರಡಕ್ಕೆ ಇಳಿಸಿದೆವು. ಆಡದ ದಿನ ತೊಡೆಗೆ ಮತ್ತು ಸೊಂಟದ ಪಕ್ಕದ ಸ್ನಾಯುಗಳಿಗೆ ಕೆಲಸ. ಗೋಡೆಗೆ ಒರಗಿ ಅರ್ಧ ಕೂರುವುದು, ಕುರ್ಚಿಯಿಂದ ಕೈ ಊರದೆ ಎದ್ದು ನಿಧಾನವಾಗಿ ಕೂರುವುದು, ಆಮೇಲೆ ಅದೇ ಮೆಟ್ಟಿಲು, ಮೊದಲು ಮೂರಿಂಚಿನದ್ದು. ಎರಡನೇ ವಾರಕ್ಕೇ "ಏನೂ ಗುಣ ಇಲ್ಲ" ಅಂತ ಬೇಜಾರು ಮಾಡಿಕೊಂಡರು. ಸ್ನಾಯುಗಳು ಬಲ ಆಗೋದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು. ಅವರ ಶ್ರೀಮತಿಯವರು ದಿನಾ ಎದುರಿಗೆ ನಿಂತು ಎಣಿಸಿ ಮಾಡಿಸಿದರು, ಪುಣ್ಯಾತ್ಗಿತ್ತಿ. ಮೂರು ತಿಂಗಳ ಹೊತ್ತಿಗೆ ಹಿಮ್ಮಡಿ ಸದ್ದಿಲ್ಲದೆ ನೆಲ ಮುಟ್ಟುತ್ತಿತ್ತು. ನೋವು ಪೂರ್ತಿ ಹೋಯಿತಾ ಅಂದರೆ, ಇಲ್ಲ. ಒಂದು ಅಂಕದ್ದು ಆಗಾಗ ಬಂದು ಹೋಗುತ್ತದೆ. ಅವರು ಆಡುತ್ತಿದ್ದಾರೆ.

ಸ್ಕ್ಯಾನ್ ರಿಪೋರ್ಟ್ ಬಗ್ಗೆ ಎರಡೇ ಮಾತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಎಕ್ಸ್‌ರೇಯಲ್ಲಿ ಕೀಲು ಸವೆತ ಕಾಣದ, ಐವತ್ತು ದಾಟಿದ 710 ಜನರ ಮಂಡಿಗೆ ಎಂಆರ್‌ಐ ಮಾಡಿದರೆ ಶೇ. 89 ಜನರಲ್ಲಿ ಏನಾದರೊಂದು ದೋಷ ಕಂಡಿತು. ನೋವಿಲ್ಲದವರಲ್ಲೂ ಹೀಗೇ ಕಂಡಿತು. ಹಾಗಂತ ರಿಪೋರ್ಟ್ ಸುಳ್ಳು ಅಂತಲ್ಲ, ರಿಪೋರ್ಟ್‌ನಲ್ಲಿ ಇರುವುದೆಲ್ಲ ನಿಮ್ಮ ನೋವಿಗೆ ಕಾರಣ ಆಗಿರಬೇಕಿಲ್ಲ. ಮಂಡಿ ಲಟಲಟ ಅನ್ನುತ್ತದೆ, ಗ್ರೀಸ್ ಖಾಲಿ ಆಗಿದೆಯಾ ಅಂತಲೂ ಕೇಳುತ್ತಾರೆ. ನೋವು, ಊತ ಇಲ್ಲದ ಬರೀ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ. ಮಂಡಿಯ ಮೃದ್ವಸ್ಥಿಗೆ, ಅಂದರೆ ಮೂಳೆಯ ತುದಿಗೆ ಹೊದಿಸಿದ ನುಣುಪಾದ ಪದರಕ್ಕೆ, ಸ್ವಂತ ರಕ್ತನಾಳ ಇಲ್ಲ. ಸುತ್ತಲಿನ ದ್ರವದಿಂದಲೇ ಅದಕ್ಕೆ ಪೋಷಣೆ, ಒತ್ತಿ ಬಿಟ್ಟಾಗ ಆ ದ್ರವ ಒಳಗೆ ಹೊರಗೆ ಆಡುತ್ತದೆ, ಹಾಗಾಗಿ ಅದಕ್ಕೆ ಓಡಾಟ ಬೇಕು. ಓಡಾಡಿದರೆ ಮಂಡಿ ಬೇಗ ಸವೆಯುತ್ತದೆ ಎನ್ನುವವರಿಗೆ ಇನ್ನೊಂದು ಲೆಕ್ಕ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆತ ಶೇ. 3.5, ಓಡದೆ ಕೂತವರಲ್ಲಿ ಶೇ. 10.2 ಇತ್ತು. ಸ್ಪರ್ಧೆಗಾಗಿ ಓಡುವವರಲ್ಲಿ ಮಾತ್ರ ಶೇ. 13.3. ಮಂಡಿ ಕೆಟ್ಟವರು ಓಟ ಬಿಟ್ಟು ಕೂತಿರಲೂಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೂ ಹಿತಮಿತವಾಗಿ ಓಡಿದರೆ ಮಂಡಿ ಹಾಳಾಗುತ್ತದೆ ಎನ್ನಲು ಇದರಲ್ಲಿ ಆಧಾರ ಇಲ್ಲ.

ನಾನು ಹೇಳಿದ ಈ ಯಾವ ಮಾತೂ ಅನ್ವಯಿಸದ ಮಂಡಿಗಳೂ ಇವೆ. ಆಡುವಾಗ ತಿರುಚಿ ಟಕ್ ಅಂತ ಸದ್ದಾಗಿ, ಒಂದೆರಡು ಗಂಟೆಯಲ್ಲೇ ಮಂಡಿ ಊದಿದರೆ ಸುಮ್ನೆ ಐಸ್ ಇಟ್ಟು ಕಾಯಬೇಡಿ, ಆರ್ಥೋ ಡಾಕ್ಟರಿಗೆ ತೋರಿಸಿ. ಕಾಲೂರಲು ಆಗದಿದ್ದರೆ, ಮಂಡಿ ಮಡಚಿದಲ್ಲೇ ಸಿಕ್ಕಿಕೊಂಡರೆ, ನಡೆಯುವಾಗ ಪದೇಪದೇ ಕೈಕೊಟ್ಟರೆ, ಮಲಗಿದಾಗಲೂ ನೋವು ನಿಲ್ಲದಿದ್ದರೆ ಹಾಗೆಯೇ. ಮಂಡಿ ಬಿಸಿಯಾಗಿ ಕೆಂಪಾಗಿ ಜ್ವರವೂ ಬಂದರೆ, ಅಥವಾ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇವಕ್ಕೆ ವ್ಯಾಯಾಮ ಮದ್ದಲ್ಲ.

ಉಳಿದವರು, ಮುಂದಿನ ಆಷಾಢಕ್ಕೆ ಬೆಟ್ಟ ಹತ್ತಬೇಕು ಅಂತಿದ್ದರೆ ಯುಗಾದಿ ಹೊತ್ತಿಗೇ ಶುರು ಮಾಡಿ. ಮೊದಲು ಮನೆಯ ಮೆಟ್ಟಿಲು, ಆಮೇಲೆ ಬೆಟ್ಟದ ಮೊದಲ ನೂರು, ಎರಡು ವಾರ ಬಿಟ್ಟು ಇನ್ನೂರು. ಪ್ರತಿ ಸಲವೂ ಮರುದಿನ ಬೆಳಿಗ್ಗೆ ಆ ಹತ್ತು ಹೆಜ್ಜೆ ನೋಡಿಕೊಳ್ಳಿ. ಆರೆಂಟು ವಾರ ಹೀಗೆ ಬಿಡದೆ ಮಾಡಿಯೂ ಒಂದಿಷ್ಟೂ ಮುಂದೆ ಹೋಗಿಲ್ಲ ಅನ್ನಿಸಿದರೆ ನಿಮ್ಮ ಹತ್ತಿರದ ಫಿಸಿಯೋ ಬಳಿ ಹೋಗಿ. ಹೋಗುವಾಗ ವಾರದಲ್ಲಿ ಯಾವ ದಿನ ಏನು ಮಾಡಿದಿರಿ, ಮರುದಿನ ಬೆಳಿಗ್ಗೆ ಎಷ್ಟು ಅಂಕ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಮಗೆ ಎಷ್ಟೋ ಸಲ ದಪ್ಪ ಫೈಲಿಗಿಂತ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.