ಸೆರೆಂಡಿಪಿಟಿ: ಒಂಟೆಯ ಹೆಜ್ಜೆಯಿಂದ ಸನ್ನತಿಯ ಶಾಸನದವರೆಗೆ

ಬಯಸದೆ ಬಂದ ಭಾಗ್ಯಕ್ಕೆಲ್ಲ ಈಗ ಇಂಗ್ಲಿಷಿನಲ್ಲಿ ಸೆರೆಂಡಿಪಿಟಿ ಎನ್ನುವ ರೂಢಿ ಬೆಳೆದಿದೆ. ಅಷ್ಟೇ ಅರ್ಥವಾಗಿದ್ದರೆ ಕಲಬುರಗಿ, ಬೀದರ್ ಕಡೆಯ ಮಾತಿನ ‘ನಸೀಬ’ವೇ ಸಾಕಾಗುತ್ತಿತ್ತು. ಆದರೆ ಈ ಪದ ಹುಟ್ಟಿದಾಗ ಅದರಲ್ಲಿ ನಸೀಬದಷ್ಟೇ ಜಾಣ್ಮೆಗೂ ಪಾಲಿತ್ತು, ಮತ್ತು ಆ ಪಾಲನ್ನು ಬಿಟ್ಟುಕೊಡಬಾರದು.

ಪದವನ್ನು ಕಟ್ಟಿದವನು ಇಂಗ್ಲೆಂಡಿನ ಲೇಖಕ ಹೊರೇಸ್ ವಾಲ್ಪೋಲ್. 1754ರ ಜನವರಿ 28ರಂದು ಫ್ಲಾರೆನ್ಸಿನಲ್ಲಿದ್ದ ಗೆಳೆಯನಿಗೆ ಬರೆದ ಪತ್ರದಲ್ಲಿ, ಹುಡುಕದೇ ಇದ್ದದ್ದನ್ನು ಆಕಸ್ಮಿಕದಿಂದಲೂ ವಿವೇಕದಿಂದಲೂ ಕಂಡುಕೊಳ್ಳುವುದಕ್ಕೆ ಆತ ಈ ಹೆಸರಿಟ್ಟ. ಅದಕ್ಕೆ ಆಧಾರ ಸೆರೆಂದೀಪದ ಮೂವರು ರಾಜಕುಮಾರರ ಕಥೆ. ಸೆರೆಂದೀಪವೆಂದರೆ ಪಾರಸಿಗರ ಬಾಯಲ್ಲಿ ಸಿಂಹಳದ್ವೀಪ. ಈ ಕಥೆಯ ಒಂದು ರೂಪ ದೆಹಲಿಯ ಅಮೀರ್ ಖುಸ್ರೋನ ಪಾರಸಿ ಕಾವ್ಯದಲ್ಲಿದೆ. 1557ರಲ್ಲಿ ವೆನಿಸ್‌ನಲ್ಲಿ ಇಟಾಲಿಯನ್ ಭಾಷೆಯ ಪುಸ್ತಕವಾಗಿ ಅಚ್ಚಾದ ಮೇಲೆ ಅದು ಯುರೋಪಿನಲ್ಲಿ ಹರಡಿತು. ಬಹಮನಿಗಳ ಕಾಲದಲ್ಲಿ ಪಾರಸಿಯೇ ದರಬಾರಿನ ಭಾಷೆಯಾಗಿದ್ದ ನಮ್ಮ ಸೀಮೆಗೆ ಇದರ ಮೂಲ ಅಷ್ಟೇನೂ ದೂರದ್ದಲ್ಲ.

ವೆನಿಸ್‌ನ ಪುಸ್ತಕದಲ್ಲಿ ರಾಜಕುಮಾರರು ದಾರಿಯಲ್ಲಿ ಹೋಗುವಾಗ ಒಂಟೆ ಕಳೆದುಕೊಂಡವನೊಬ್ಬ ಎದುರಾಗುತ್ತಾನೆ. ನಿನ್ನ ಒಂಟೆಗೆ ಒಂದು ಕಣ್ಣಿಲ್ಲ, ಒಂದು ಹಲ್ಲಿಲ್ಲ, ಒಂದು ಕಾಲು ಕುಂಟು, ಒಂದು ಮಗ್ಗುಲಿಗೆ ಬೆಣ್ಣೆ, ಇನ್ನೊಂದಕ್ಕೆ ಜೇನು ಹೇರಿದೆ ಎಂದು ಅವರು ಹೇಳಿದಾಗ ಇವರೇ ಕಳ್ಳರೆಂದು ಆತ ಹಿಡಿಸುತ್ತಾನೆ. ದಾರಿಯ ಒಂದೇ ಬದಿಯ, ಅದೂ ಒಣಕಲು ಹುಲ್ಲನ್ನು ಮೇಯ್ದದ್ದು, ಜಗಿದ ಹುಲ್ಲಿನ ತುಣುಕುಗಳು ಹಲ್ಲಿನ ಗಾತ್ರಕ್ಕೆ ಉದುರಿದ್ದು, ಕಾಲೆಳೆದ ಗುರುತು, ಒಂದು ಬದಿಗೆ ಇರುವೆ, ಇನ್ನೊಂದು ಬದಿಗೆ ನೊಣ ಮುತ್ತಿದ್ದು ಅವರಿಗೆ ಎಲ್ಲವನ್ನೂ ತಿಳಿಸಿತ್ತು. ಆ ಗುರುತುಗಳು ದಾರಿಹೋಕರೆಲ್ಲರ ಕಣ್ಣೆದುರಿಗೇ ಇದ್ದವು.

ವಾಲ್ಪೋಲನ ಪತ್ರಗಳು ಅಚ್ಚಾದ ಮೇಲೂ ಪದ ಬಹುಕಾಲ ಮೂಲೆಯಲ್ಲೇ ಇತ್ತು. ಇಪ್ಪತ್ತನೆಯ ಶತಮಾನದಲ್ಲಿ ವಿಜ್ಞಾನಿಗಳು ಅದನ್ನು ಎತ್ತಿಕೊಂಡರು. 1928ರಲ್ಲಿ ಬೂಷ್ಟು ಬಿದ್ದ ತಟ್ಟೆಯನ್ನು ಎಸೆಯದೆ ಪರೀಕ್ಷಿಸಿದ ಅಲೆಕ್ಸಾಂಡರ್ ಫ್ಲೆಮಿಂಗ್‌ಗೆ ಪೆನಿಸಿಲಿನ್ ದೊರೆತದ್ದು ಎಲ್ಲರೂ ಕೊಡುವ ಉದಾಹರಣೆ.

ನಮಗೆ ಅಷ್ಟು ದೂರ ಹೋಗಬೇಕಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ದಂಡೆಯ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿ ಗುಡಿಯ ಛಾವಣಿ 1980ರ ದಶಕದಲ್ಲಿ ಕುಸಿಯಿತು. ಆಗ, ದೇವಿಯ ಪೀಠಕ್ಕೆ ಆಧಾರವಾಗಿ ಹಾಕಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಇರುವುದು ತಿಳಿಯಿತು. ಕುಸಿತ ಆಕಸ್ಮಿಕ ನಿಜ, ಆದರೆ ಆ ಗೀರುಗಳು ಬ್ರಾಹ್ಮಿ ಅಕ್ಷರಗಳೆಂದು ಗುರುತಿಸುವ ಕಣ್ಣು ಇರದಿದ್ದರೆ ಆ ಕಲ್ಲು ಇನ್ನೊಂದು ಗುಡಿಯ ಅಡಿಪಾಯಕ್ಕೆ ಸೇರುತ್ತಿತ್ತು. ವಾಲ್ಪೋಲ್ ಹೇಳಿದ ಎರಡೂ ಅಂಶಗಳು ಇಲ್ಲಿ ಕೂಡಿವೆ.

ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕಿದ್ದು ಇನ್ನೂ ದೊಡ್ಡ ಸುದ್ದಿಯಾದರೂ, ಅದು ಯೋಜನೆ ಹಾಕಿ ನಡೆಸಿದ ಉತ್ಖನನದ ಫಲವಾದ್ದರಿಂದ ಅದಕ್ಕೆ ಈ ಪದ ಅಷ್ಟಾಗಿ ಒಪ್ಪುವುದಿಲ್ಲ. ತೊಗರಿ ಹೊಲದಲ್ಲಿ ಬೋರ್ ಹಾಕಿಸಿದವನಿಗೆ ನೀರು ಬಿದ್ದರೂ ಹಾಗೆಯೇ. ಅವನು ಹುಡುಕಿದ್ದು ನೀರನ್ನೇ. ಅದಕ್ಕೆ ನಸೀಬ ಎಂದರೆ ಸರಿಯಾಗುತ್ತದೆ.