ಬೇಗ ಹಣ್ಣಾಗುವ ಪೀಚ್: ಗೊರಟಿನೊಳಗಿನ ತೊಡಕು

ಬೇಗ ಹಣ್ಣಾಗುವ ಹೊಸ ಪೀಚ್ ತಳಿ ಬಂತು ಎಂದರೆ ಬೆಳೆಗಾರರ ಕಿವಿ ನೆಟ್ಟಗಾಗುತ್ತದೆ. ಮಾರುಕಟ್ಟೆಗೆ ಮೊದಲು ಬಂದ ಹಣ್ಣಿಗೆ ಪೈಪೋಟಿ ಕಡಿಮೆ, ದರ ಜಾಸ್ತಿ. ಸರಿ, ಆದರೆ ಈ ಅವಸರ ಪುಕ್ಕಟೆ ಸಿಗುವುದಿಲ್ಲ.

ಪೀಚ್‌ನ ತವರು ಚೀನಾ. ಅಲ್ಲಿ ಸಾವಿರಾರು ವರ್ಷಗಳಿಂದ ಅದನ್ನು ಬೆಳೆಯುತ್ತಿದ್ದಾರೆ. 1870ರ ದಶಕದಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸ್ಯಾಮ್ಯುಯೆಲ್ ರಂಫ್ ಬೆಳೆಸಿದ 'ಎಲ್ಬರ್ಟಾ' ಎಷ್ಟು ಹಬ್ಬಿತೆಂದರೆ, ಉಳಿದ ತಳಿಗಳನ್ನು 'ಎಲ್ಬರ್ಟಾಗಿಂತ ಇಷ್ಟು ದಿನ ಮೊದಲು' ಎಂದೇ ಲೆಕ್ಕ ಹಾಕತೊಡಗಿದರು. 1940ರಲ್ಲಿ ಮಿಚಿಗನ್‌ನ ಸ್ಟ್ಯಾನ್ಲಿ ಜಾನ್‌ಸ್ಟನ್ 'ರೆಡ್‌ಹೇವನ್' ತಳಿ ಬಿಡುಗಡೆ ಮಾಡಿದರು. ಅದು ಎಲ್ಬರ್ಟಾಗಿಂತ ಸುಮಾರು ಒಂದು ತಿಂಗಳು ಮೊದಲೇ ಮಾಗುತ್ತಿತ್ತು. ಮುಂದೆ ಅದೇ ಅಳತೆಗೋಲಾಯಿತು.

ಅದಕ್ಕಿಂತಲೂ ಬೇಗ ಬೇಕು ಎಂದಾಗ ತೊಡಕು ಎದುರಾಯಿತು. ಪೀಚ್ ಕಾಯಿ ಮೂರು ಹಂತದಲ್ಲಿ ಬೆಳೆಯುತ್ತದೆ. ಮೊದಲು ಸರಸರನೆ ದಪ್ಪವಾಗುತ್ತದೆ. ಆಮೇಲೆ ಬೆಳವಣಿಗೆ ನಿಧಾನವಾಗಿ, ಗೊರಟು ಗಟ್ಟಿಯಾಗುತ್ತದೆ. ಕೊನೆಗೆ ತಿರುಳು ಉಬ್ಬುತ್ತದೆ. ಬೇಗ ಮಾಗುವ ತಳಿಗಳಲ್ಲಿ ಈ ನಡುವಿನ ಹಂತ ತೀರಾ ಗಿಡ್ಡ. ಹಣ್ಣು ಸಿದ್ಧ, ಒಳಗಿನ ಬೀಜದ ಭ್ರೂಣ ಮಾತ್ರ ಇನ್ನೂ ಎಳಸು. ಬಿತ್ತಿದರೆ ಮೊಳೆಯುವುದಿಲ್ಲ. ಅಂದರೆ, ಅತಿ ಬೇಗ ಹಣ್ಣಾಗುವ ಮರವನ್ನು ತಾಯಿಯಾಗಿ ಬಳಸಿದರೆ ಸಸಿಯೇ ಸಿಗದು. ಅದರ ಪರಾಗವನ್ನಷ್ಟೇ ತಡವಾಗಿ ಮಾಗುವ ಮರದ ಹೂವಿಗೆ ಹಾಕಬೇಕು. ಹೀಗೆ ಒಂದೊಂದು ದಿನ ಮುಂದೆ ಸರಿಯಲೂ ವರ್ಷಗಟ್ಟಲೆ ಕಾಯಬೇಕು, ಅಲ್ವಾ?

1930ರ ದಶಕದಲ್ಲಿ ಅಮೆರಿಕದ ತೋಟಗಾರಿಕೆ ವಿಜ್ಞಾನಿ ಹೆರಾಲ್ಡ್ ಟ್ಯೂಕಿ ಚೆರ್ರಿಯಂಥ ಗೊರಟಿನ ಹಣ್ಣುಗಳ ಎಳೆ ಭ್ರೂಣವನ್ನು ಬಿಡಿಸಿ, ಗಾಜಿನ ನಳಿಕೆಯಲ್ಲಿ ಪೋಷಕಾಂಶ ಕೊಟ್ಟು ಬೆಳೆಸಿ ತೋರಿಸಿದರು. ದಾರಿ ತೆರೆಯಿತು. ಎರಡೂ ಕಡೆ ಬೇಗ ಮಾಗುವ ಮರಗಳನ್ನೇ ಕೂಡಿಸುವುದು ಸಾಧ್ಯವಾಯಿತು. ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಇದೇ.

ಚಳಿಯ ಲೆಕ್ಕ ಬೇರೆ. ಹೂ ಬಿಡಲು ಪೀಚ್‌ಗೆ ಸುಮಾರು 7 ಡಿಗ್ರಿಗಿಂತ ಕೆಳಗಿನ ತಂಪು ಇಂತಿಷ್ಟು ಗಂಟೆ ಬೇಕು. ಫ್ಲೋರಿಡಾ ವಿಶ್ವವಿದ್ಯಾಲಯ 1950ರ ದಶಕದಿಂದ ಕಡಿಮೆ ಚಳಿ ಸಾಕಾಗುವ ತಳಿಗಳ ಹಿಂದೆ ಬಿತ್ತು. ಅಲ್ಲಿಯ 'ಫ್ಲೋರ್ಡಾಪ್ರಿನ್ಸ್'ಗೆ ಸುಮಾರು 150 ಗಂಟೆ ಸಾಕು. ಇಂಥ ಮರವನ್ನು ತಂಪು ಪ್ರದೇಶದಲ್ಲಿ ನೆಟ್ಟರೆ ಅದು ಅವಸರಪಟ್ಟು ಹೂಬಿಟ್ಟು, ಹಿಮಕ್ಕೆ ಎಲ್ಲ ಉದುರಿಸಿಕೊಳ್ಳುತ್ತದೆ.

2013ರಲ್ಲಿ ಪೀಚ್‌ನ ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್‌ಎ ನಕ್ಷೆ, ಪ್ರಕಟವಾಯಿತು. ಮಾಗುವ ದಿನಕ್ಕೆ ನಂಟಿರುವ ಒಂದು ಜೀನ್ 4ನೇ ವರ್ಣತಂತುವಿನಲ್ಲಿ ಗುರುತಾಯಿತು. ಈಗ ಸಸಿಯ ಎಲೆಯ ಡಿಎನ್‌ಎ ಪರೀಕ್ಷಿಸಿಯೇ ಮಾಗುವ ದಿನವನ್ನು ಅಂದಾಜು ಮಾಡಬಹುದು. ರುಚಿಗೆ ಮಾತ್ರ ಹಣ್ಣು ಕಚ್ಚಿಯೇ ನೋಡಬೇಕು.

ಹಳೆಯ ದೋಷಗಳು ಪೂರ್ತಿ ಹೋಗಿಲ್ಲ. ಹಣ್ಣು ಸಣ್ಣದು, ಸಿಹಿ ಕಡಿಮೆ, ತಿರುಳು ಗೊರಟಿಗೆ ಅಂಟಿರುತ್ತದೆ, ಗೊರಟು ಸೀಳುವುದೂ ಉಂಟು. ಹೊಸ ತಳಿ ಇವುಗಳಲ್ಲಿ ಯಾವುದನ್ನು ಸರಿಪಡಿಸಿದೆ ಎಂದು ನರ್ಸರಿಯವರನ್ನು ಮೊದಲು ಕೇಳಿ. ಹೆಚ್ಚುವರಿ ಕಾಯಿಗಳನ್ನು ಬೇಗನೆ ಕಿತ್ತು ಹಾಕಿ. ಉಳಿದವು ದಪ್ಪವಾಗಲು ಇರುವ ದಿನಗಳೇ ಕಡಿಮೆ. ಕೊಯ್ಲು ಮುಗಿಯಿತೆಂದು ನೀರು ನಿಲ್ಲಿಸಲೂಬೇಡಿ. ಮುಂದಿನ ವರ್ಷದ ಮೊಗ್ಗು ರೂಪುಗೊಳ್ಳುವುದು ಆ ಬೇಸಿಗೆಯಲ್ಲೇ. ಆಗ ಮರಕ್ಕೆ ನೀರು ಸಾಲದಿದ್ದರೆ, ಮರುವರ್ಷ ಒಂದಕ್ಕೊಂದು ಅಂಟಿದ ಜೋಡಿ ಹಣ್ಣುಗಳು ಜಾಸ್ತಿ ಬರುತ್ತವೆ.